ಇನ್ನೂರೈವತ್ತೈದನೆಯ ಅಕ್ಷರದ ಆಚೆ

೧೧-೩-೧೯೯೧, ಬೆಳಿಗ್ಗೆ. ಹೊಸಪೇಟೆ

೧. ಜನವರಿಯಿಂದ ಉಪಕಾಲುವೆಗಳ ನೀರಿನ ಸರದಿ ಪಟ್ಟಿ ಕಂಪ್ಯೂಟರ್‌ನಲ್ಲಿ ತಯಾರಾಗುತ್ತಿದೆ. ಪ್ರೋಗ್ರಾಂ ಬರೆದವನು ನಾನು. ಪಾಸ್ಕಲ್ ಭಾಷೆ. ಐವತ್ತೆರಡನೆಯ ವಯಸ್ಸಿನಲ್ಲಿ ಬರೆದ ಮೊದಲನೆಯದು.
೨. ಫೈಲ್‌ನಲ್ಲಿ ಒಂದು ಉಪಕಾಲುವೆಗೆ ಒಂದೇ ಸಾಲು. ಹೊಲಗಳಿಗೆ ನೀರು ಬಿಡುವ ತೂಬುಗಳ ಹೆಸರು, ಕಾಲುವೆಯ ತಲೆಯಿಂದ ಕೊನೆಯವರೆಗೆ.
೩. ಪ್ರೋಗ್ರಾಂ ಸಾಲನ್ನು ಓದಿ, ಸಿಕ್ಕ ತೂಬುಗಳಿಗೆಲ್ಲ ದಿನ ಹಂಚುತ್ತದೆ.
೪. ಈವರೆಗೆ ತಪ್ಪಿನ ಸೂಚನೆ ಬಂದಿಲ್ಲ. ರೈತರ ದೂರೂ ಇಲ್ಲ.

ಸರಿಯಾಗಿದೆ ಎಂದೇ ತೋರುತ್ತದೆ. ನೀರಾವರಿ ಇಲಾಖೆಯ ಬೇರೆ ವಿಭಾಗಗಳಿಗೂ ಇದನ್ನು ಕಳುಹಿಸಲು ನಮ್ಮ ಎಕ್ಸಿಕ್ಯೂಟಿವ್ ಎಂಜಿನಿಯರ್ ಅಂದಾನಪ್ಪನವರು ಹೇಳಿದ್ದಾರೆ. ಫ್ಲಾಪಿ ತರಿಸಬೇಕು.

೧೪-೩

ಕಂಪ್ಲಿಗೆ ಹೋಗಿದ್ದೆ. ಸೆಕ್ಷನ್ ಆಫೀಸಿನ ಮುಂದೆ ಒಬ್ಬ ಹೆಂಗಸು — ಗಾಳೆಮ್ಮ, ಕೊನೆಯ ತೂಬಿನವರು. ಭತ್ತ ತೆನೆ ಕಟ್ಟುವ ಹಂತ. ಹಳ್ಳಕ್ಕೆ ಪಂಪು ಇಡಲು ಅನುಮತಿ ಬೇಕಂತೆ.

"ಸರದಿಯ ನೀರು?" ಎಂದೆ.

"ಅದು ಮ್ಯಾಲಿನೋರಿಗೆ ಐತ್ರಿ, ಸಾಹೇಬ್ರ."

ತೂಬು ತೆರೆದು ಮುಚ್ಚುವ ನೀರಗಂಟಿ ಜಡೆಪ್ಪ ನಕ್ಕ. "ಗಾಳೆಮ್ಮಕ್ಕ, ಹಳ್ಳದಾಗರ ನೀರು ಐತೇನು?"

"ನಿನ್ನ ಕಾಲುವಿಗಿಂತ ಭಾಳ ಐತಲೇ. ಎಮ್ಮಿ ಮೈಯರ ತೊಯ್ತೈತಿ."

ಹೋದ ವರ್ಷ ಬಂದಿತ್ತೇ ಎಂದು ಕೇಳಿದೆ.

"ತಡ ಆದ್ರೂ ಒಂದೀಟು ಬರ್ತಿತ್ತು. ಈ ಸಲ ಅದೂ ಇಲ್ರಿ."

"ದೂರು ಏಕೆ ಕೊಡಲಿಲ್ಲ?"

ನನ್ನನ್ನೇ ನೋಡಿದರು. "ಹೊಸಾದೇನೈತ್ರಿ ಅದರಾಗ, ದೂರು ಕೊಡಾಕ?"

ಜಡೆಪ್ಪನ ಕೈಯಲ್ಲಿದ್ದ ಪಟ್ಟಿ ನೋಡಿದೆ. ಗಾಳೆಮ್ಮನವರ ತೂಬಿಲ್ಲ. ಅದರ ಮೇಲಿನ ಮೂರೂ ಇಲ್ಲ. ಅಚ್ಚಾದ ಕೊನೆಯ ಹೆಸರು ಅರ್ಧಕ್ಕೇ ನಿಂತಿದೆ.

"ಪಟ್ಟ್ಯಾಗ ಇದ್ದೋರಿಗೆ ಬಿಟ್ಟೀನ್ರಿ ಸರ," ಎಂದ ಜಡೆಪ್ಪ. ನಗು ನಿಂತಿತ್ತು.

೧೫-೩

ಫೈಲ್‌ನಲ್ಲಿ ಎಲ್ಲ ಹೆಸರುಗಳೂ ಇವೆ. ಪ್ರೋಗ್ರಾಂ ಓದಿದ್ದರಲ್ಲಿ ಇಲ್ಲ.

ಪಾಸ್ಕಲ್ ಪುಸ್ತಕ ತೆಗೆದೆ. ಓದಿದ ಸಾಲನ್ನು ಇಡುವ ಜಾಗಕ್ಕೆ ಸ್ಟ್ರಿಂಗ್ ಎನ್ನುತ್ತಾರೆ; ಅದು ಹಿಡಿಯುವುದು ೨೫೫ ಅಕ್ಷರಗಳನ್ನಷ್ಟೇ. ಸಾಲು ಅದಕ್ಕಿಂತ ಉದ್ದವಿದ್ದರೆ ಪ್ರೋಗ್ರಾಂ ಮಿಕ್ಕದ್ದನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ಏನೂ ಹೇಳುವುದಿಲ್ಲ. ನಾನು ಪರೀಕ್ಷೆಗೆ ಇಟ್ಟಿದ್ದು ಚಿಕ್ಕ ಸಾಲುಗಳನ್ನು...

ತಿದ್ದಿದೆ. ಈಗ ಸಾಲು ಮುಗಿಯುವವರೆಗೆ ತುಂಡು ತುಂಡಾಗಿ ಓದುತ್ತದೆ. ಆದರೆ ಹೊಸ ಪಟ್ಟಿ ಮುಂದಿನ ಸರದಿಗೆ, ಏಪ್ರಿಲ್‌ಗೆ. ತೆನೆ ಅಲ್ಲಿಯವರೆಗೆ ಕಾಯುವುದಿಲ್ಲ.

೧೮-೩, ಸಂಜೆ

ಅಂದಾನಪ್ಪನವರ ಮುಂದೆ ಎಲ್ಲವನ್ನೂ ಇಟ್ಟೆ.

"ದೂರೇ ಬಂದಿಲ್ಲಲ್ರಿ. ತಿದ್ದೀರಲ್ಲ, ಸುಮ್ನ ಬಿಡ್ರಿ."

"ಈಗಲೇ ಮೇಲಿನ ತೂಬು ಮುಚ್ಚಿ ಕೆಳಗೆ ಹರಿಸಬೇಕು, ಸರ್."

"ಮ್ಯಾಲಿನೋರು ಸುಮ್ನಿರ್ತಾರೇನ್ರಿ? ಕಾರಣ ಏನಂತ ಬರೀತೀರಿ? ಕಂಪ್ಯೂಟರ್ ತಪ್ಪು ಅಂತ ಬರೀರಿ ಬೇಕಾದ್ರ."

"ಕಂಪ್ಯೂಟರಿನ ತಪ್ಪಲ್ಲ, ಸರ್."

"ಹಂಗಾದ್ರ ನಿಮ್ಮ ಸಹಿ ಮ್ಯಾಲೆ ಮಾಡ್ರಿ. ನನ್ನ ಸಹಿ ಬ್ಯಾಡ."

ಮನೆಗೆ ಬಂದು ೧೧ನೆಯ ತಾರೀಖಿನ ಪುಟ ಓದಿದೆ. ದೂರಿಲ್ಲ ಎಂಬುದನ್ನು ನಾಲ್ಕನೆಯ ಅಂಶವಾಗಿ ಬರೆದಿದ್ದೇನೆ. ಅದನ್ನು ಪುರಾವೆ ಎಂದುಕೊಂಡಿದ್ದೆ.

೧೯-೩, ಬೆಳಿಗ್ಗೆ ೬

ಜೀಪು ಬಂದಿದೆ. ಜಡೆಪ್ಪನಿಗೆ ತೂಬಿನ ಬೀಗದ ಕೈ ತರಲು ಹೇಳಿಯಾಗಿದೆ.

ನಿರ್ಧಾರ: ಮೇಲಿನ ತೂಬುಗಳನ್ನು ಇಂದು ಮುಚ್ಚಿಸುತ್ತೇನೆ. ಸಹಿ ನನ್ನದು. ಕಾರಣ — ಪ್ರೋಗ್ರಾಂ ಬರೆದವನ ತಪ್ಪು. ಗಾಳೆಮ್ಮನವರ ತೂಬಿಗೆ ನೀರು ಮುಟ್ಟುವವರೆಗೆ ಕಾಲುವೆಯ ಏರಿಯನ್ನು ಬಿಟ್ಟು ಬರುವುದಿಲ್ಲ.