ಐದನೇ ಸ್ವರ

ಲೋ ದಪ್ಪತಂತಿ,

ಈ ಕಾಗದ ಕಳಿಸಲ್ಲ, ಓದಿದರೆ ನೀನು ಉಬ್ಬಿಹೋಗ್ತೀಯ. ಬೇಸ್ ಗಿಟಾರ್ ಹೆಗಲಿಗೇರಿಸಿ ತಂಡ ಬಿಟ್ಟ ದಿನ, "ನಿನ್ನ ಗಿಟಾರಿಂದು ಬರೀ ಓಟ ಕಣೋ, ಒಂದು ಮಾತನ್ನೂ ಪೂರ್ತಿ ಆಡಲ್ಲ" ಅಂದಿದ್ದೆಯಲ್ಲ. ಇವತ್ತು ವೇದಿಕೆ ಮೇಲೆ ಗಿಟಾರಲ್ಲಿ ಐದೇ ಸ್ವರ ಹಿಡಿದು ಕೂತೆ. ಅವನ್ನೇ ಹಿಂದುಮುಂದು ಮಾಡಿದೆ, ತಾಳಕ್ಕೆ ಚೂರು ತಡವಾಗಿ ಎತ್ತಿಕೊಂಡೆ, ತಂತಿ ಎಳೆದು ಅಳುವಂತೆ ಮಾಡಿದೆ. ಡ್ರಮ್ಮಿನವನು ಬಾಯಿ ಬಿಟ್ಟುಕೊಂಡು ನೋಡ್ತಿದ್ದ.

ಕೊನೇ ಸಲ ನಾಲ್ಕೇ ಬಾರಿಸಿ, ಹಳೇ ಅಭ್ಯಾಸಬಲದಿಂದ ಐದನೆಯದನ್ನು ನಿನ್ನ ಬೇಸಿಗೆ ಬಿಟ್ಟುಬಿಟ್ಟೆ; ನಾನು ಬಿಟ್ಟಿದ್ದನ್ನು ಯಾವಾಗಲೂ ನೀನೇ ಮುಗಿಸ್ತಿದ್ದೆಯಲ್ಲ. ಹೊಸ ಬೇಸಿನವಳಿಗೆ ಅದೆಲ್ಲ ಏನು ಗೊತ್ತು, ಪಾಪ, ಸುಮ್ಮನಿದ್ದಳು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಮುನ್ನೂರು ಜನ ಆ ಸ್ವರವನ್ನು ಒಟ್ಟಿಗೆ ಹಾಡಿಬಿಟ್ಟರು ಕಣೋ. ಮಾತು ಎಲ್ಲಿ ಮುಗೀಬೇಕಂತ ಅವರಿಗೇ ಗೊತ್ತಾಗಿತ್ತು.

ನಿನ್ನೊಬ್ಬನ ಜಾಗಕ್ಕೆ ಮುನ್ನೂರು ಜನ ಬೇಕಾಯ್ತು ನೋಡು.