ಪುಟ್ಟಮಾದು ಯಾವ ಪಕ್ಷ?

ಗುಂಡ್ಲುಪೇಟೆ

ಅತ್ತೆಯವರಿಗೆ ನೀಲಾಂಬಿಕಾಳ ನಮಸ್ಕಾರ.

ನಾನು ದುಭಾಷಿಯಾಗಿ ಜೊತೆಗಿರುವ ವಿದೇಶಿ ಚುನಾವಣಾ ವೀಕ್ಷಕರ ತಂಡ ಇವತ್ತು ತೆರಕಣಾಂಬಿ ಕಡೆಯ ಒಂದು ಮತಗಟ್ಟೆಗೆ ಹೋಗಿತ್ತು. ಅಲ್ಲಿ ಓಟು ಹಾಕಲು ಬಂದ ಮರಿತಾಯಮ್ಮ ಎಂಬಾಕೆಯನ್ನು ಅಧಿಕಾರಿ ಗಂಡನ ಹೆಸರು ಕೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನೀವಾರ ಯೋಳ್ರವ್ವ" ಎಂದು ಹಿಂದೆ ತಿರುಗಿದರು. ಹೆಂಗಸರ ಸಾಲಿಗೆ ಸಾಲೇ "ಪುಟ್ಟಮಾದು!" ಎಂದು ಕೂಗಿತು. ನಮ್ಮ ತಂಡದ ಇಂಗ್ರಿಡ್ ಗಾಬರಿಯಾದರು. ಮತಗಟ್ಟೆಯೊಳಗೇ ಪ್ರಚಾರವೇ? ಈ ಪುಟ್ಟಮಾದು ಯಾವ ಪಕ್ಷದ ಅಭ್ಯರ್ಥಿ?

ಹೆಂಡತಿ ಗಂಡನ ಹೆಸರು ಹೇಳಬಾರದೆಂಬ ಪದ್ಧತಿಯನ್ನು ವಿವರಿಸಿದೆ. ಮಾನವ ಹಕ್ಕಿನ ಉಲ್ಲಂಘನೆಯೊಂದು ಕೈಗೆ ಸಿಕ್ಕಿತೆಂದು ಅವರ ಮುಖ ಅರಳಿತು. ಮರಿತಾಯಮ್ಮ ಓಟು ಹಾಕಿ ಹೊರಗೆ ಬಂದದ್ದೇ, ಯಾರಿಗೆ ಹಾಕಬೇಕೆಂದು ಗಂಡ ಹೇಳಿದ್ದರೇ ಎಂದು ನನ್ನಿಂದ ಕೇಳಿಸಿದರು.

"ಯೋಳವ್ರೆ. ಹೂಂ ಅಂದ್ಬುಟ್ಟು ಬಂದಿವ್ನಿ ಕಣವ್ವ. ಅವ್ರ ಎಸ್ರನ್ನೇ ಯೋಳ್ದೇ ಇರೋಳು, ಓಟು ಯಾರ್ಗಾಕ್ದೆ ಅಂತ ಯೋಳ್ಬುಡ್ತೀನಾ?"

ಇದನ್ನು ಅನುವಾದಿಸಿದ ಮೇಲೆ ಇಂಗ್ರಿಡ್ ಪೆನ್ನು ಚೀಲದೊಳಗೆ ಹಾಕಿಕೊಂಡರು.

ಬಿಸಿಲಿಗೆ ತಲೆನೋವು ಬಂದಿತ್ತು, ಮಜ್ಜಿಗೆ ಕುಡಿದ ಮೇಲೆ ಪರವಾಗಿಲ್ಲ. ಜೀಪು ಹಾರ್ನ್ ಹೊಡೆಯುತ್ತಿದೆ, ಮುಗಿಸುತ್ತೇನೆ. ನಮ್ಮ ಗದಗಿನ ಮತದಾನ ಮುಂದಿನ ಹಂತದಲ್ಲಿ ತಾನೇ, ಅಷ್ಟರೊಳಗೆ ಬಂದುಬಿಡುತ್ತೇನೆ. ಯಾವ ಗುಂಡಿ ಒತ್ತಬೇಕೆಂದು ನಿಮ್ಮ ಮಗ ಈ ಸಲವೂ ಹೇಳಿಕೊಡಲಿ. ನಾನೂ ಹೂಂ ಅನ್ನುತ್ತೇನೆ.