ಐದು ಸಲ ಬಡಿಸಿದ ಉಪ್ಪಿನಕಾಯಿ

ಭಾಗಮಂಡಲ
೧೪-೨-೧೯೫೯, ಶನಿವಾರ

ಮಗಳು ಯಮುನಳಿಗೆ ನಿನ್ನ ಅವ್ವ ಮನಸಾರೆ ಮಾಡುವ ಆಶೀರ್ವಾದ.

ಇಲ್ಲಿ ನಾನು, ನಿಮ್ಮಪ್ಪ, ನಿನ್ನ ಬೊಳ್ಳಮ್ಮ ಅತ್ತೆ ಮೂವರೂ ಚೆನ್ನಾಗಿದ್ದೇವೆ. ನಿನ್ನ ಕೆಮ್ಮು ಹೇಗಿದೆ? ಒಳ್ಳೆಮೆಣಸಿನ ಕಷಾಯ ಕುಡಿ ಎಂದು ಹೋದ ಕಾಗದದಲ್ಲೇ ಬರೆದಿದ್ದೆ. ಕುಡಿದೆಯೋ ಚೆಲ್ಲಿದೆಯೋ, ನೀನು ಅದರ ಸುದ್ದಿಯನ್ನೇ ಎತ್ತಿಲ್ಲ. ಹಾಸ್ಟೆಲಿನ ಸಾರಿನಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಬರೆದಿದ್ದೀಯ. ಸರಿ, ತಲೆ ಬಾಚಿಕೊಂಡು ಊಟಕ್ಕೆ ಕೂತುಕೋ. ಟ್ರೈನಿಂಗ್ ಮುಗಿಯುವುದಕ್ಕೆ ಇನ್ನೆಷ್ಟು ದಿನ, ತಡೆದುಕೋ. ಮೈಸೂರು ದೂರವಾಯಿತು ಎಂದು ನಾನು ಅಂದರೆ ನಿಮ್ಮಪ್ಪ, ಕೊಡಗೇ ಮೈಸೂರಿಗೆ ಸೇರಿ ಎರಡು ವರ್ಷ ದಾಟಿತು, ಇನ್ನೆಂಥ ದೂರ ಎನ್ನುತ್ತಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡವಳು ನಾನು, ಅವರಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೇನೂ ಸಿಟ್ಟಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ದೇರಪ್ಪ ಮಾವ ನಿನಗೆ ನೋಡಿದ್ದ ಆ ನಾಣಯ್ಯ, ಅಮ್ಮತ್ತಿಯ ಹತ್ತಿರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವಾತ, ಒಂದನೇ ತಾರೀಕು ಭಾನುವಾರ ನಮ್ಮ ಮನೆ ನೋಡಲು ಬಂದಿದ್ದ. ವಯಸ್ಸು ಮೂವತ್ತಮೂರು, ಹೆಂಡತಿ ತೀರಿಹೋಗಿ ನಾಲ್ಕು ವರ್ಷ, ಮಕ್ಕಳಿಲ್ಲ ಎಂಬುದೆಲ್ಲ ನಿನಗೆ ಗೊತ್ತೇ ಇದೆ. ನೀನು ದೀಪಾವಳಿಗೆ ಬಂದಾಗ, ನೀವು ಹೇಳಿದ ಹಾಗೆ ಆಗಲಿ, ಆದರೆ ಪರೀಕ್ಷೆ ಬರೆದ ಮೇಲೆ ಎಂದು ನೆಲ ನೋಡಿಕೊಂಡು ಹೇಳಿದ್ದೆ. ನೆಲ ನೋಡಿದ್ದು ನಾಚಿಕೆಗೆ ಎಂದು ನಿಮ್ಮಪ್ಪ ತಿಳಿದುಕೊಂಡರು. ನಾನು ಹಾಗೆ ತಿಳಿಯಲಿಲ್ಲ, ಆದರೂ ಸುಮ್ಮನಿದ್ದೆ.

ಆ ಭಾನುವಾರ ಬೆಳಗಿನಿಂದ ಒಲೆಯ ಮುಂದೆ ನಾನೊಬ್ಬಳೇ. ಕಡುಬು, ಕಾಚಂಪುಳಿಯ ಹುಳಿ ಹಾಕಿ ಕಪ್ಪಗೆ ಬೇಯಿಸಿದ ಹಂದಿ ಸಾರು, ಹೆಸರುಬೇಳೆ ಪಾಯಸ. ಬೊಳ್ಳಮ್ಮನನ್ನು ಒಲೆಯ ಹತ್ತಿರ ಬಿಡಲಿಲ್ಲ, ಬಡಿಸುವ ಕೆಲಸ ಮಾತ್ರ ಕೊಟ್ಟೆ. ಅಳಿಯನಾಗುವವನ ಮೊದಲ ಊಟ ನನ್ನ ಕೈಯದೇ ಆಗಬೇಕೆಂಬ ಹಟ. ಹಟ ಎಂದು ನೀನು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ಆತ ಬಂದ, ಕೈಕಾಲು ತೊಳೆದ, ನಿಮ್ಮಪ್ಪ ಮೊದಲ ತುತ್ತು ಎತ್ತುವ ತನಕ ಎಲೆ ಮುಟ್ಟಲಿಲ್ಲ. ಸೊರ ಸೊರ ಸದ್ದಿಲ್ಲ, ಬೆರಳ ತುದಿ ದಾಟಿ ಅನ್ನ ಅಂಟಲಿಲ್ಲ, ತಲೆ ಎತ್ತಿ ಒಳಗೆ ಹೆಂಗಸರ ಕಡೆ ಇಣುಕಲಿಲ್ಲ. ಪಂಕ್ತಿಯಲ್ಲಿ ಕೂರುವ ಕ್ರಮ ಕಲಿಸಿದ ತಾಯಿ ಯಾರೋ ಪುಣ್ಯಾತ್ಗಿತ್ತಿ ಎಂದುಕೊಂಡೆ. ಅಷ್ಟರಲ್ಲಿ ಉಪ್ಪಿನಕಾಯಿ ಕೇಳಿದ.

ಎಲೆಯ ತುದಿಯಲ್ಲಿ ಎಳೆಬಿದಿರಿನ ಕಣಿಲೆ ಉಪ್ಪಿನಕಾಯಿ ಇತ್ತಲ್ಲ, ಅದನ್ನು ಒಂದೇ ಸಲ ಕಡುಬಿಗೆ ಬಳಿದುಕೊಂಡು ಖಾಲಿ ಮಾಡಿದ. ಎರಡನೇ ಸಲ ಹಾಕಿಸಿಕೊಂಡು ಹಂದಿ ಸಾರಿಗೆ ಕಲಸಿದ. ಅಯ್ಯೋ ಯಮುನ, ನನ್ನ ಸಾರಿಗೆ! ಉಪ್ಪಿನಕಾಯಿ ಇರುವುದು ನೆಂಚಿಕೊಳ್ಳಲಿಕ್ಕೆ, ಸಾರಿನ ತಲೆಯ ಮೇಲೆ ಹೊಯ್ಯಲಿಕ್ಕಲ್ಲ. ಮೂರನೇ ಸಲ, ನಾಲ್ಕನೇ ಸಲ. ಐದನೇ ಸಲ ಪಾಯಸಕ್ಕೆ. ಪಾಯಸ ಒಂದು ಗುಟುಕು, ಕಣಿಲೆ ಒಂದು ತುಂಡು. ನಿಮ್ಮಪ್ಪ ಕೆಮ್ಮಿದರು. ದೇರಪ್ಪ ಮಾವ ಜಂತೆ ಎಣಿಸುತ್ತ ಕೂತ. ಬೊಳ್ಳಮ್ಮ ಮಾತ್ರ ಕೇಳಿದಾಗಲೆಲ್ಲ ಬಗ್ಗಿ ಬಡಿಸಿದಳು, ಮುಖದಲ್ಲಿ ಏನೂ ಇಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರೆ, ನಿಜ. ಆದರೆ ಬೆಳಗಿನಿಂದ ಹೊಗೆ ಕುಡಿದವಳ ಇಚ್ಛೆ ಯಾವ ಗಾದೆಯಲ್ಲೂ ಇಲ್ಲ. ಎಸ್ಟೇಟಿನಲ್ಲಿ ನಾಲ್ಕು ವರ್ಷದಿಂದ ಬಂಗಲೆಯ ಬಟ್ಲರ್ ಕಳಿಸುವ ಊಟವಂತೆ, ಅದಕ್ಕೆ ಉಪ್ಪಿಲ್ಲ ಖಾರವಿಲ್ಲ, ಏನು ಬಂದರೂ ಬಾಟಲಿಯಿಂದ ಯಾವುದೋ ಕೆಂಪು ರಸ ಸುರಿದುಕೊಂಡು ನುಂಗುವುದು ರೂಢಿಯಾಗಿದೆಯಂತೆ. ಇದನ್ನು ದೇರಪ್ಪ ಆಮೇಲೆ ಹೇಳಿದ.

ಕೈ ತೊಳೆದು ಬಂದು, ಉಪ್ಪಿನಕಾಯಿ ಯಾರು ಮಾಡಿದ್ದಮ್ಮ ಎಂದು ಕೇಳಿದ. ಸಾರಿನ ಬಗ್ಗೆ ಒಂದು ಮಾತಿಲ್ಲ. ನಾನು ಏನು ಹೇಳಿದೆ ಗೊತ್ತೇ? ನಮ್ಮ ಹುಡುಗಿಯೇ ಮಾಡಿದ್ದು, ಜೂನ್‌ನಲ್ಲಿ ಮೈಸೂರಿಗೆ ಹೋಗುವ ಮುಂಚೆ ಮಾಡಿಟ್ಟು ಹೋದಳು ಎಂದುಬಿಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಹೇಳಿದ್ದಾರೆ. ಹೆಣ್ಣು ಹೆತ್ತವರೆಲ್ಲ ಹೇಳುವ ಸುಳ್ಳೇ ಅದು. ಪಕ್ಕದ ಮನೆಯ ಮುದ್ದಿಯ ಮದುವೆಗೆ ಮೊದಲು ಅವಳು ನೇಯದ ಚಾಪೆಯನ್ನೂ ಅವಳದೇ ಎಂದು ತೋರಿಸಿದ್ದರು. ಬೊಳ್ಳಮ್ಮ ಅಲ್ಲೇ ಎಂಜಲು ಎಲೆ ಎತ್ತುತ್ತಿದ್ದಳು. ಕೇಳಿಸಿಕೊಂಡಳು, ಎಲೆ ಎತ್ತಿದಳು, ಹೋದಳು.

ನಾಲ್ಕು ದಿನ ಬಿಟ್ಟು ದೇರಪ್ಪ ಮಾವ ಬಂದ. ನಾಣಯ್ಯನಿಗೆ ಮನೆ ಒಪ್ಪಿಗೆ, ಜನ ಒಪ್ಪಿಗೆ. ಆದರೆ ಒಂದು ಪ್ರಶ್ನೆ ಕೇಳಿ ಕಳಿಸಿದ್ದಾನೆ ಎಂದ. ಕಣಿಲೆ ಮೊಳಕೆ ಬರುವುದು ಆಟಿಯ ಮಳೆಗೆ. ತುಂಡು ಇನ್ನೂ ಗಟ್ಟಿಯಾಗಿದೆ, ಅದಕ್ಕೂ ಹಿಂದಿನ ಮಳೆಗಾಲದ್ದಲ್ಲ. ಜೂನ್‌ನಲ್ಲೇ ಮೈಸೂರಿಗೆ ಹೋದ ಹುಡುಗಿ ಆಗಸ್ಟಿನ ಕಣಿಲೆಯನ್ನು ಹೇಗೆ ಹೆಚ್ಚಿದಳು? ಮಾಡಿದವರು ಯಾರು ಎಂದು ನಿಜ ಹೇಳಿದರೆ ಸಾಕು, ಬೇರೆ ಏನೂ ಬೇಡ ಎಂದನಂತೆ. ಈ ಮಣ್ಣಿನಲ್ಲೇ ಹುಟ್ಟಿ ಬೆಳೆದ ನಾನು, ಕಣಿಲೆಯ ಕಾಲ ಮರೆತು ಸುಳ್ಳು ಹೇಳಿದ್ದೆ! ಬಡಿಸಿದ್ದು ಮಾವಿನಮಿಡಿಯಾಗಿದ್ದರೆ ಬಚಾವಾಗುತ್ತಿದ್ದೆ. ನಿಮ್ಮಪ್ಪ ಬಾಯಿಗೆ ಎಲೆ ಅಡಿಕೆ ತುರುಕಿಕೊಂಡು ಹೊರಗೆ ಹೋದರು.

ಯಮುನ, ಇದನ್ನು ನಿನಗಲ್ಲದೆ ಬೇರೆ ಯಾರಿಗೂ ಬರೆಯಲಾರೆ. ಆಗ ನನ್ನ ನಾಲಗೆಯ ತುದಿಗೆ ಬಂದದ್ದು, ನಾನೇ ಮಾಡಿದ್ದು ಎಂಬ ಮಾತು. ನನ್ನ ಸಾರಿಗೆ ಆದ ಅವಮಾನ ಅಷ್ಟು ಉರಿಯುತ್ತಿತ್ತು. ಉಪ್ಪಿನಕಾಯಿಯ ಹೆಸರಾದರೂ ನನಗೆ ಬರಲಿ ಎನಿಸಿತು. ಬಾಯಿ ತೆರೆದೆ. ಅಡಿಗೆಮನೆಯ ಬಾಗಿಲಲ್ಲಿ ಬೊಳ್ಳಮ್ಮ ನಿಂತಿದ್ದಳು, ದೇರಪ್ಪನಿಗೆ ಕಾಫಿ ಹಿಡಿದುಕೊಂಡು. ಲೋಟ ಕೊಡಲು ಮುಂದೆ ಬರದೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಬೈಗುಳಕ್ಕೆ ಹೆದರಿ ನಿಂತದ್ದಲ್ಲ. ತನ್ನ ಹೆಸರು ಹೇಳುತ್ತಾರೋ ಏನೋ ಎಂಬ ಆಸೆಗೆ ನಿಂತದ್ದು. ಗಂಡ ಸತ್ತು ಅಣ್ಣನ ಮನೆಗೆ ಬಂದು ಎಂಟು ವರ್ಷ. ಅವಳಿಗೀಗ ಇಪ್ಪತ್ತೊಂಬತ್ತು. ಎಂಟು ವರ್ಷ ಅವಳ ಕೈಯ ಅನ್ನ ಉಂಡಿದ್ದೇವೆ, ಇವತ್ತು ಚೆನ್ನಾಗಿದೆ ಬೊಳ್ಳಮ್ಮ ಎಂದು ಒಬ್ಬರೂ ಅಂದಿಲ್ಲ. ನಾನೂ ಅಂದಿಲ್ಲ. ನನಗೆ ನಾಚಿಕೆಯಾಯಿತು. ಬೊಳ್ಳಮ್ಮ ಮಾಡಿದ್ದು, ನನ್ನ ನಾದಿನಿ, ಆ ದಿನ ಬಡಿಸಿದವಳು ಅವಳೇ ಎಂದು ಹೇಳಿಬಿಟ್ಟೆ.

ನಿನ್ನೆ ದೇರಪ್ಪ ಮತ್ತೆ ಬಂದಿದ್ದ. ನಾಣಯ್ಯ ಹೇಳಿ ಕಳಿಸಿದ್ದು ಇಷ್ಟು. ಹತ್ತೊಂಬತ್ತು ವರ್ಷದ ಹುಡುಗಿಯನ್ನು ಓದು ಮುಗಿಯುತ್ತಲೇ ಎಸ್ಟೇಟಿಗೆ ತರಲು ಮೊದಲಿನಿಂದಲೂ ಮನಸ್ಸು ಅಳುಕುತ್ತಿತ್ತು. ಬಡಿಸಿದವರು ಒಪ್ಪುವುದಾದರೆ, ಹುಡುಗಿಗೂ ಬೇಸರವಿಲ್ಲದಿದ್ದರೆ, ಅವರನ್ನೇ ಕೇಳಿ ಎಂದನಂತೆ. ನಮ್ಮ ಜನದಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವುದು ಹೊಸದಲ್ಲ. ಇಷ್ಟು ದಿನ ಯಾರೂ ಬೇಡ ಎಂದಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅವಳು ಹೋದರೆ ಹಾಲು ಕರೆಯುವವರು ಯಾರು, ಭತ್ತ ಒಣಗಿಸುವವರು ಯಾರು ಎಂದು ಎಲ್ಲರೂ ಸುಮ್ಮನಿದ್ದೆವು. ನಿಮ್ಮಪ್ಪ ನಿನ್ನೆಯಿಂದ ನನ್ನ ಹತ್ತಿರ ಮಾತಾಡಿಲ್ಲ. ಮಗಳಿಗೆ ಬಂದ ಗಂಡನ್ನು ಕೈಯಾರೆ ಬಿಟ್ಟುಕೊಟ್ಟೆ ಎಂಬ ಕೋಪ. ಆಡದಿದ್ದರೆ ಬೇಡ, ಮನೆ ತಣ್ಣಗಿದೆ.

ನೀನು ಪರೀಕ್ಷೆಗೆ ಓದು. ಸ್ವೆಟರ್ ಬಿಚ್ಚಿ ತಿರುಗಬೇಡ. ನಿನ್ನ ಹಾಸ್ಟೆಲಿನ ಗೆಳತಿಯರಿಗೆಲ್ಲ ನಾನು ಕೇಳಿದೆನೆಂದು ತಿಳಿಸು. ಭಗಂಡೇಶ್ವರ ನಿನ್ನನ್ನು ಕಾಯಲಿ.

ಇತಿ,
ನಿನ್ನ ಅವ್ವ
ಹೊನ್ನಮ್ಮ

ಮರೆತಿದ್ದೆ: ಟಪಾಲಿನವನು ಅಂಗಳದಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬೊಳ್ಳಮ್ಮ ಇನ್ನೂ ಒಪ್ಪಿಲ್ಲ. ಮಗು ಯಮುನಳಿಗೆ ಹಾಕಿದ ಎಲೆಗೆ ನಾನು ಕೂರುವುದಿಲ್ಲ ಅತ್ತಿಗೆ ಎಂದು ಒಂದೇ ಮಾತು. ನಿನ್ನೆಯಿಂದ ಊಟವನ್ನೂ ಬಿಟ್ಟಿದ್ದಾಳೆ. ನಾನು ಹೇಳಿದರೆ ನಂಬುವುದಿಲ್ಲ, ನಾನು ಸುಳ್ಳು ಹೇಳಿದ್ದನ್ನು ಕಿವಿಯಾರೆ ಕೇಳಿದವಳು. ನಿನಗೆ ಆತ ಬೇಕಿದ್ದರೆ ಮುಚ್ಚುಮರೆಯಿಲ್ಲದೆ ನನಗೆ ಬರಿ, ನಾನು ತಪ್ಪು ತಿಳಿಯುವುದಿಲ್ಲ. ಬೇಡವಾಗಿದ್ದರೆ ನನಗೆ ಬರೆಯಬೇಡ, ಅವಳಿಗೇ ಬರಿ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ, ಅದಕ್ಕೆ ದೊಡ್ಡದಾಗಿ ಬರಿ. ವಿಳಾಸದಲ್ಲಿ ಅಪ್ಪನ ಹೆಸರು ಹಾಕಬೇಡ, ಬೊಳ್ಳಮ್ಮನಿಗೆ ಎಂದೇ ಹಾಕು. ಈ ಎಂಟು ವರ್ಷದಲ್ಲಿ ಅವಳ ಹೆಸರಿಗೆ ಒಂದು ಕಾಗದವೂ ಬಂದಿಲ್ಲ.